ತಲೆಗಳ ಲೆಕ್ಕ ಪಕ್ಕಾ, ಕೈಗಳ ಲೆಕ್ಕ ನಾವೇ ಹಾಕಬೇಕು: ವಿಶ್ವಸಂಸ್ಥೆಯ ಜನಸಂಖ್ಯಾ ತಾಣದ ವಿಮರ್ಶೆ

ಹುಟ್ಟುವವರು ಕಡಿಮೆಯಾಗಿ ವಯಸ್ಸಾದವರು ಹೆಚ್ಚಾದರೆ ದುಡಿಯುವ ಕೈಗಳ ಗತಿ ಏನು? ಈ ಪ್ರಶ್ನೆಗೆ ಪತ್ರಿಕೆಯಲ್ಲಾಗಲಿ ಸರ್ಕಾರಿ ವರದಿಯಲ್ಲಾಗಲಿ ಯಾವ ಉತ್ತರ ಕಂಡರೂ, ಅದರೊಳಗಿನ ಅಂಕಿಗಳು ಬಹುಪಾಲು ಒಂದೇ ಕಣಜದಿಂದ ಬಂದಿರುತ್ತವೆ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ನಡೆಸುವ ‘ವರ್ಲ್ಡ್ ಪಾಪ್ಯುಲೇಶನ್ ಪ್ರಾಸ್ಪೆಕ್ಟ್ಸ್’ ಆ ಕಣಜ. 1951ರಲ್ಲಿ ಶುರುವಾದ ಈ ಸರಣಿಯ 28ನೇ ಆವೃತ್ತಿ 2024ರ ಜುಲೈ 11ರಂದು ಹೊರಬಂತು. 237 ದೇಶ ಮತ್ತು ಪ್ರದೇಶಗಳ ಜನಸಂಖ್ಯೆ 1950ರಿಂದ 2100ರವರೆಗೆ ಅದರಲ್ಲಿದೆ. ವರ್ಷವರ್ಷಕ್ಕೂ, ಒಂದೊಂದು ವಯಸ್ಸಿಗೂ, ಗಂಡು ಹೆಣ್ಣು ಬೇರೆಬೇರೆಯಾಗಿ ಸಿಗುತ್ತದೆ. ಹಣ ಕೊಡಬೇಕಿಲ್ಲ. ಮೂಲ ನಮೂದಿಸಿದರೆ ಮರುಬಳಕೆಗೂ ಅಡ್ಡಿಯಿಲ್ಲ. ಉದ್ಯೋಗ ಮಾರುಕಟ್ಟೆಯನ್ನು ಅಳೆಯಬೇಕಾದವರಿಗೆ ಈ ಸೇವೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡುತ್ತೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಜನರನ್ನು ಎಣಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ಸಾಧನ ಇಲ್ಲ. ಆದರೆ ಇದೇ ತಾಣದಲ್ಲಿ ಸಿದ್ಧವಾಗಿ ಸಿಗುವ ‘15ರಿಂದ 64’ ಎಂಬ ಅಂಕಣವನ್ನು ಕಾರ್ಮಿಕರ ಸಂಖ್ಯೆಯೆಂದು ಎತ್ತಿಕೊಂಡರೆ ತೀರ್ಮಾನ ತಲೆಕೆಳಗಾಗುವ ಸಾಧ್ಯತೆ ಇದೆ. ಜನಸಂಖ್ಯಾ ಬದಲಾವಣೆ ಮತ್ತು ಉದ್ಯೋಗದ ಬಗ್ಗೆ ನಾವು ಓದುವ ತಪ್ಪು ಬರಹಗಳಲ್ಲಿ ಬಹಳಷ್ಟು ಈ ಒಂದು ಅಂಕಣದಲ್ಲೇ ಎಡವಿರುತ್ತವೆ.

ಜಪಾನನ್ನು ನೋಡಿ. ಅಲ್ಲಿ 15ರಿಂದ 64ರ ವಯಸ್ಸಿನವರು 1995ರ ಹೊತ್ತಿಗೆ ಸುಮಾರು 8.7 ಕೋಟಿ ಇದ್ದರು. 2023ಕ್ಕೆ ಅದು 7.4 ಕೋಟಿಗೆ ಇಳಿದಿತ್ತು. ಒಂದು ಕೋಟಿ ಮೂವತ್ತು ಲಕ್ಷ ಜನ ಕಡಿಮೆ. ಅಂಕಣವನ್ನಷ್ಟೇ ನೋಡಿದವರು ಉದ್ಯೋಗದಲ್ಲಿರುವವರೂ ಅಷ್ಟೇ ಕುಸಿದಿರಬೇಕು ಎಂದುಕೊಳ್ಳುತ್ತಾರೆ. ನಿಜದಲ್ಲಿ ಕೆಲಸದಲ್ಲಿದ್ದವರ ಸಂಖ್ಯೆ 1995ರ ಸುಮಾರು 6.46 ಕೋಟಿಯಿಂದ 2023ರಲ್ಲಿ 6.75 ಕೋಟಿಗೆ ಏರಿತ್ತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಬಂದರು, 65 ದಾಟಿದವರು ಕೆಲಸ ಬಿಡಲಿಲ್ಲ. ಇವೆರಡೂ ಜನಸಂಖ್ಯೆಯ ಕೋಷ್ಟಕದಲ್ಲಿ ಕಾಣುವ ಸಂಗತಿಗಳಲ್ಲ. ಹಾಗೆಂದು ಜನಸಂಖ್ಯೆಯ ಒತ್ತಡ ಸುಳ್ಳು ಎಂದೇನೂ ಆಗುವುದಿಲ್ಲ. ಬಂದವರಲ್ಲಿ ಅನೇಕರು ಅರೆಕಾಲಿಕ ಕೆಲಸದಲ್ಲಿದ್ದಾರೆ. ಕೃಷಿಯನ್ನೇ ಮುಖ್ಯ ಕಸುಬಾಗಿ ಮಾಡುವವರ ಸರಾಸರಿ ವಯಸ್ಸು ಅಲ್ಲಿ 2023ರಲ್ಲಿ 68 ದಾಟಿತ್ತು. ಒತ್ತಡ ಎಲ್ಲಿ, ಯಾವ ಕಸುಬಿನಲ್ಲಿ ಬೀಳುತ್ತದೆ ಎಂಬುದಕ್ಕೆ ಇನ್ನೊಂದು ಲೆಕ್ಕ ಬೇಕು.

ಆ ಲೆಕ್ಕಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಮಾತ್ರ ಇಲ್ಲಿ ತುಂಬಾ ಚೆನ್ನಾಗಿದೆ. ತಾಣದ ಡೌನ್‌ಲೋಡ್ ವಿಭಾಗದಲ್ಲಿ ‘ಪಾಪ್ಯುಲೇಶನ್’ ಗುಂಪಿಗೆ ಹೋದರೆ ಒಂದೊಂದೇ ವಯಸ್ಸಿನ ಫೈಲುಗಳೂ ಐದು ವರ್ಷದ ವಯೋಗುಂಪಿನ ಫೈಲುಗಳೂ ಇವೆ. ಎಕ್ಸೆಲ್ ಮತ್ತು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಎರಡೂ ರೂಪದಲ್ಲಿ ಸಿಗುತ್ತವೆ. 2019ರ ಆವೃತ್ತಿಯವರೆಗೂ ಮೂಲ ಲೆಕ್ಕವೇ ಐದು ವರ್ಷದ ಕಂತಿನಲ್ಲಿ ನಡೆಯುತ್ತಿತ್ತು. 2022ರ ಆವೃತ್ತಿಯಿಂದ ಒಂದು ವರ್ಷ, ಒಂದು ವಯಸ್ಸು ಎಂಬ ಚೌಕಟ್ಟಿಗೆ ಬಂದಿದೆ. ಉದ್ಯೋಗದ ಲೆಕ್ಕಕ್ಕೆ ಇದು ದೊಡ್ಡ ಉಪಕಾರ. ನಿವೃತ್ತಿ ವಯಸ್ಸು 60ರಿಂದ 63ಕ್ಕೆ ಮೆಲ್ಲಗೆ ಏರುವಾಗ ಐದು ವರ್ಷದ ಗುಂಪಿನಲ್ಲಿ ಏನೂ ಕಾಣುವುದಿಲ್ಲ. ಒಂದೊಂದೇ ವಯಸ್ಸಿನ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಫೈಲು ತೆರೆದ ಮೇಲೆ ಎಡವುವ ಜಾಗಗಳು ಹಲವು. ಎಲ್ಲ ಜನಸಂಖ್ಯೆಯೂ ಸಾವಿರಗಳಲ್ಲಿದೆ. 1,000ದಿಂದ ಗುಣಿಸದೆ ಬೇರೆ ಮೂಲದ ಅಂಕಿಯ ಪಕ್ಕ ಇಟ್ಟು ಗಲಿಬಿಲಿಗೊಳ್ಳುವುದು ಸಾಮಾನ್ಯ. ಎಕ್ಸೆಲ್ ಫೈಲಿನಲ್ಲಿ ಶೀರ್ಷಿಕೆಯ ಸಾಲು 17ನೆಯದು. ಮೇಲಿನ 16 ಸಾಲುಗಳಲ್ಲಿ ಲಾಂಛನ, ವಿವರಣೆ ಇರುತ್ತವೆ, ಅವನ್ನು ಬಿಟ್ಟು ಓದಬೇಕು. 2023ರವರೆಗಿನ ಅಂದಾಜು ಒಂದು ಹಾಳೆಯಲ್ಲಿ, 2024ರಿಂದ ಮುಂದಿನ ಮುನ್ನಂದಾಜು ಇನ್ನೊಂದು ಹಾಳೆಯಲ್ಲಿ ಇದೆ. ಮೊದಲ ಹಾಳೆಯನ್ನಷ್ಟೇ ನೋಡಿ ಭವಿಷ್ಯದ ಅಂಕಿ ಇಲ್ಲ ಎಂದುಕೊಳ್ಳಬೇಡಿ. ದೇಶಗಳ ಜೊತೆಗೆ ಜಗತ್ತು, ಖಂಡಗಳು, ಆದಾಯದ ಗುಂಪುಗಳು ಎಲ್ಲವೂ ಒಂದೇ ಅಂಕಣದಲ್ಲಿ ಬೆರೆತಿವೆ. ಕಣ್ಣುಮುಚ್ಚಿ ಕೂಡಿದರೆ ಜಗತ್ತಿನ ಜನಸಂಖ್ಯೆ ಹಲವು ಪಟ್ಟಾಗುತ್ತದೆ. ಸ್ಥಳದ ವಿಧ ಸೂಚಿಸುವ ಸಂಕೇತದಲ್ಲಿ 4 ಎಂದಿರುವ ಸಾಲುಗಳನ್ನು ಮಾತ್ರ ಇಟ್ಟುಕೊಂಡರೆ ದೇಶಗಳಷ್ಟೇ ಉಳಿಯುತ್ತವೆ. ಹೆಸರಿನಿಂದ ಹುಡುಕುವುದಕ್ಕಿಂತ ಸಂಖ್ಯಾ ಸಂಕೇತದಿಂದ ಹುಡುಕುವುದು ಕ್ಷೇಮ. ಭಾರತಕ್ಕೆ 356, ಇಡೀ ಜಗತ್ತಿಗೆ 900.

ಸಿಎಸ್‌ವಿ ಆರಿಸಿಕೊಂಡವರಿಗೆ ಇನ್ನೊಂದು ಎಚ್ಚರಿಕೆ. 2024ರಿಂದ 2100 ಎಂದರೆ 77 ವರ್ಷ. ವಯಸ್ಸುಗಳು 0ಯಿಂದ ‘100 ಮತ್ತು ಮೇಲೆ’ವರೆಗೆ 101. 237 ದೇಶಗಳಿಗೆ ಗುಣಿಸಿದರೆ 18 ಲಕ್ಷ ಸಾಲು ಮೀರುತ್ತದೆ. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲು. ಉಳಿದದ್ದು ಕತ್ತರಿಸಿಹೋಗುತ್ತದೆ. ಎಚ್ಚರಿಕೆಯ ಸಂದೇಶವನ್ನು ಗಮನಿಸದೆ ಮುಚ್ಚಿದರೆ ಕೊನೆಯಲ್ಲಿರುವ ದೇಶಗಳೇ ಇಲ್ಲದ ಕೋಷ್ಟಕ ಕೈಯಲ್ಲಿರುತ್ತದೆ. ಆರ್ ಅಥವಾ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಬರುವವರಿಗೆ ಸಿಎಸ್‌ವಿ ಸರಿ. ಬರದವರು ವಯಸ್ಸುಗಳನ್ನು ಅಂಕಣಗಳಾಗಿ ಹರಡಿರುವ ಎಕ್ಸೆಲ್ ರೂಪವನ್ನೇ ತೆಗೆದುಕೊಳ್ಳಲಿ.

ಇನ್ನು ವಿವಿಧ ಮುನ್ನಂದಾಜುಗಳು. ಮಧ್ಯಮ, ಹೆಚ್ಚು, ಕಡಿಮೆ, ಶೂನ್ಯ ವಲಸೆ ಹೀಗೆ ಹಲವು ಇವೆ. ‘ಹೆಚ್ಚು’ ಮತ್ತು ‘ಕಡಿಮೆ’ ಎಂದರೆ ಒಬ್ಬ ಹೆಣ್ಣಿಗೆ ಹುಟ್ಟುವ ಮಕ್ಕಳ ಸರಾಸರಿ ಮಧ್ಯಮಕ್ಕಿಂತ ಅರ್ಧ ಮಗು ಹೆಚ್ಚು ಅಥವಾ ಅರ್ಧ ಮಗು ಕಡಿಮೆ. ಉದ್ಯೋಗದ ಬಗ್ಗೆ ಬರೆಯುವವರು ಈ ಎರಡನ್ನೂ ಇಟ್ಟು ‘ಅನಿಶ್ಚಿತತೆಯ ವ್ಯಾಪ್ತಿ’ ತೋರಿಸುವುದನ್ನು ಮತ್ತೆಮತ್ತೆ ಕಾಣುತ್ತೇವೆ. 2039ಕ್ಕಿಂತ ಮುಂಚಿನ ವರ್ಷಗಳಿಗೆ ಇದು ಅರ್ಥವಿಲ್ಲದ ಕೆಲಸ. 2024ರಿಂದ ಹುಟ್ಟುವವರ ಸಂಖ್ಯೆಯಲ್ಲಷ್ಟೇ ಈ ಮೂರೂ ಬೇರೆಯಾಗುತ್ತವೆ. ಆ ಮಕ್ಕಳಿಗೆ 15 ತುಂಬುವುದೇ 2039ರಲ್ಲಿ. 2044ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸ ಹುಡುಕುವವರೆಲ್ಲ ಈಗಾಗಲೇ ಹುಟ್ಟಿದ್ದಾರೆ. ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಕಾರ್ಮಿಕರ ಸಂಖ್ಯೆಯನ್ನು ಅತ್ತಿತ್ತ ಮಾಡಬಲ್ಲವು ವಲಸೆ ಮತ್ತು ಕೆಲಸಕ್ಕೆ ಬರುವವರ ಪ್ರಮಾಣ. ಹಾಗಾಗಿ ಮಧ್ಯಮವನ್ನೂ ಶೂನ್ಯ ವಲಸೆಯನ್ನೂ ಪಕ್ಕಪಕ್ಕ ಇಟ್ಟು ಕಳೆಯಿರಿ. ಒಂದು ದೇಶದ ದುಡಿಯುವ ವಯಸ್ಸಿನವರಲ್ಲಿ ಎಷ್ಟು ಜನ ಹೊರಗಿನಿಂದ ಬರಬೇಕೆಂದು ಮುನ್ನಂದಾಜು ನಂಬಿಕೊಂಡಿದೆ ಎಂಬುದು ಆ ವ್ಯತ್ಯಾಸದಲ್ಲಿ ಹೊರಬೀಳುತ್ತದೆ. ಈ ತಾಣದಲ್ಲಿ ಕಡಿಮೆ ಜನ ಬಳಸುವ, ಅತ್ಯಂತ ಬೆಲೆಬಾಳುವ ಸೌಲಭ್ಯ ಇದು ಎಂಬುದು ನಮ್ಮ ಅಭಿಪ್ರಾಯ.

ಜನನ ಇಳಿದಾಗ ಉದ್ಯೋಗ ಮಾರುಕಟ್ಟೆಗೆ ಏನೂ ಆಗದೆ ಇಪ್ಪತ್ತು ವರ್ಷ ಕಾಯುತ್ತದೆ ಎಂದು ತಿಳಿಯಬಾರದು. ಹೊಡೆತ ಮೊದಲು ಬೀಳುವುದು ಬೇಡಿಕೆಯ ಕಡೆ. ದಕ್ಷಿಣ ಕೊರಿಯಾದಲ್ಲಿ ಒಟ್ಟು ಫಲವತ್ತತೆ ದರ (ಒಬ್ಬ ಹೆಣ್ಣಿಗೆ ಹುಟ್ಟುವ ಮಕ್ಕಳ ಸರಾಸರಿ) 2023ರಲ್ಲಿ 0.72ಕ್ಕೆ ಇಳಿಯಿತು. ಇಂಥ ಇಳಿಕೆ ಹೆರಿಗೆ ವಾರ್ಡಿನ ದಾದಿಯರಿಗೆ ಅದೇ ವರ್ಷ ತಟ್ಟುತ್ತದೆ. ಮೂರು ನಾಲ್ಕು ವರ್ಷಕ್ಕೆ ಶಿಶುವಿಹಾರದ ಶಿಕ್ಷಕಿಯರಿಗೆ, ಆರು ವರ್ಷಕ್ಕೆ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ, ಹದಿನೆಂಟು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೂ ಸೈನ್ಯಕ್ಕೂ ತಟ್ಟುತ್ತದೆ. ಒಂದೊಂದೇ ವಯಸ್ಸಿನ ಕೋಷ್ಟಕ ಕೈಯಲ್ಲಿದ್ದರೆ ಈ ಅಲೆ ಯಾವ ವರ್ಷ ಯಾವ ಮೆಟ್ಟಿಲಿಗೆ ಬರುತ್ತದೆಂದು ಬೆರಳಿಟ್ಟು ತೋರಿಸಬಹುದು. ಶಿಕ್ಷಕರ ತರಬೇತಿ ಸೀಟುಗಳನ್ನು ನಿರ್ಧರಿಸುವವರಿಗೆ ಇದೊಂದೇ ಕಾರಣಕ್ಕೆ ಈ ತಾಣವನ್ನು ಶಿಫಾರಸು ಮಾಡುತ್ತೇವೆ.

ಮುನ್ನಂದಾಜನ್ನೇ ಮುಟ್ಟದೆ ಹಾಕಬಹುದಾದ ಒಂದು ಸರಳ ಲೆಕ್ಕವೂ ಇದೆ. ಈಗ 10ರಿಂದ 14 ವಯಸ್ಸಿನಲ್ಲಿರುವವರು ಹತ್ತು ವರ್ಷದ ನಂತರ 20ರಿಂದ 24ರಲ್ಲಿರುತ್ತಾರೆ. ಈಗ 50ರಿಂದ 54ರವರು ಆಗ 60ರಿಂದ 64ರಲ್ಲಿರುತ್ತಾರೆ. ಮೊದಲ ಗುಂಪು 40 ಲಕ್ಷ, ಎರಡನೆಯದು 55 ಲಕ್ಷ ಎಂದಿಟ್ಟುಕೊಳ್ಳಿ. ಸಾವು, ವಲಸೆ ಬಿಟ್ಟರೆ 100 ಜನ ಹೊರಹೋಗುವ ಹೊತ್ತಿಗೆ 73 ಜನ ಮಾತ್ರ ಒಳಬರುತ್ತಾರೆ. 15ರಿಂದ 19ರ ಗುಂಪನ್ನು ‘ಒಳಬರುವವರು’ ಎಂದು ಎಣಿಸದಿರುವುದು ಒಳ್ಳೆಯದು. ಶಿಕ್ಷಣದ ವರ್ಷಗಳು ಹೆಚ್ಚಿರುವ ದೇಶಗಳಲ್ಲಿ ಆ ವಯಸ್ಸಿನ ಬಹುತೇಕರು ತರಗತಿಯಲ್ಲಿರುತ್ತಾರೆ.

ಕೈಗಳ ಲೆಕ್ಕಕ್ಕೆ ಜೊತೆಯಾಗಿ ಬೇಕಾದದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) ಅಂಕಿಅಂಶ ತಾಣ ‘ಐಎಲ್‌ಒಸ್ಟಾಟ್’. ವಯಸ್ಸು ಮತ್ತು ಲಿಂಗದ ಪ್ರಕಾರ ಎಷ್ಟು ಭಾಗ ಜನ ಕೆಲಸದಲ್ಲಿದ್ದಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ ಎಂಬ ಪಾಲ್ಗೊಳ್ಳುವಿಕೆ ಪ್ರಮಾಣ ಅಲ್ಲಿ ಸಿಗುತ್ತದೆ. ವಿಧಾನ ಇಷ್ಟೇ: ಪ್ರತಿ ವಯೋಗುಂಪಿನ ಗಂಡಸರ ಸಂಖ್ಯೆಯನ್ನು ಅದೇ ಗುಂಪಿನ ಗಂಡಸರ ಪ್ರಮಾಣದಿಂದ ಗುಣಿಸಿ, ಹೆಂಗಸರಿಗೂ ಹಾಗೆಯೇ ಮಾಡಿ, ಎಲ್ಲವನ್ನೂ ಕೂಡಿ. ಮೊದಲು ಇಂದಿನ ಪ್ರಮಾಣವನ್ನೇ ಭವಿಷ್ಯಕ್ಕೂ ಇಟ್ಟು ಕೂಡಬೇಕು. ಆಗ ಬರುವ ಏರಿಳಿತ ಪೂರ್ತಿ ಜನಸಂಖ್ಯೆಯದ್ದು. ಆಮೇಲೆ ಪ್ರಮಾಣಗಳನ್ನು ಬದಲಿಸಿ ಮತ್ತೆ ಕೂಡಬೇಕು. ಈಗ ಹೆಚ್ಚಿದ್ದು ಜನರ ನಡವಳಿಕೆಯದ್ದು, ನೀತಿಯದ್ದು. ಎರಡನ್ನೂ ಒಂದೇ ಸಲ ಬೆರೆಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಹೇಳಲಾಗುವುದಿಲ್ಲ.

ಒಂದು ಕಲ್ಪಿತ ದೇಶದ ಅಂಕಿಗಳಲ್ಲಿ ನೋಡೋಣ. 15ರಿಂದ 64ರ ಗಂಡಸರು 200 ಲಕ್ಷ, ಹೆಂಗಸರು 200 ಲಕ್ಷ. ಗಂಡಸರ ಪಾಲ್ಗೊಳ್ಳುವಿಕೆ ನೂರಕ್ಕೆ 85, ಹೆಂಗಸರದು 45. ಒಟ್ಟು ಶ್ರಮಶಕ್ತಿ 170 ಕೂಡಿಸು 90, ಅಂದರೆ 260 ಲಕ್ಷ. ಹದಿನೈದು ವರ್ಷದಲ್ಲಿ ಎರಡೂ ಗುಂಪು 180 ಲಕ್ಷಕ್ಕೆ ಇಳಿಯುತ್ತವೆ. ಗಂಡಸರ ಪ್ರಮಾಣ ಹಾಗೇ ಇದ್ದರೆ 153 ಲಕ್ಷ ಬರುತ್ತದೆ. ಒಟ್ಟು 260 ಲಕ್ಷವೇ ಇರಬೇಕು, ಉಳಿದ 107 ಲಕ್ಷ ಹೆಂಗಸರಿಂದ ಬರಬೇಕೆಂದರೆ ಅವರ ಪ್ರಮಾಣ 59.4ಕ್ಕೆ ಏರಬೇಕು. ವರ್ಷಕ್ಕೆ ಸುಮಾರು ಒಂದು ಅಂಶದಷ್ಟು ಏರಿಕೆ. ಈಗ 65ರಿಂದ 69ರ 25 ಲಕ್ಷ ಜನರ ಪಾಲ್ಗೊಳ್ಳುವಿಕೆ 15ರಿಂದ 40ಕ್ಕೆ ಏರಿತು ಎನ್ನಿ. ಅದರಿಂದ 6.25 ಲಕ್ಷ ಸಿಗುತ್ತದೆ. ಹೆಂಗಸರ ಗುರಿ 56ಕ್ಕೆ ಇಳಿಯುತ್ತದೆ. ಹಿರಿಯರ ಪ್ರಮಾಣ ಎರಡೂವರೆ ಪಟ್ಟಿಗಿಂತ ಹೆಚ್ಚಾದರೂ ಹೆಂಗಸರ ಗುರಿಯಲ್ಲಿ ಉಳಿತಾಯವಾದದ್ದು ಮೂರೂವರೆ ಅಂಶಕ್ಕಿಂತ ಕಡಿಮೆ. ನಿವೃತ್ತಿ ವಯಸ್ಸಿನ ಜಗಳದಲ್ಲಿ ಇಡೀ ಶಕ್ತಿ ವ್ಯಯಿಸಿ, ಮಕ್ಕಳ ಪಾಲನಾ ಕೇಂದ್ರ, ಸುರಕ್ಷಿತ ಸಾರಿಗೆ, ಹೆರಿಗೆಯ ನಂತರ ಕೆಲಸಕ್ಕೆ ಮರಳುವ ದಾರಿ ಇವನ್ನು ಬದಿಗೆ ತಳ್ಳುವ ಯೋಜನೆಗಳ ಮುಂದೆ ಈ ಲೆಕ್ಕವನ್ನು ಇಡಲೇಬೇಕು. ಜಗತ್ತಿನ ಮಟ್ಟದಲ್ಲಿ ಗಂಡಸರ ಪಾಲ್ಗೊಳ್ಳುವಿಕೆ ನೂರಕ್ಕೆ ಸುಮಾರು 73, ಹೆಂಗಸರದು 49ರ ಆಸುಪಾಸು. ಬಳಸದೆ ಬಿಟ್ಟಿರುವ ದೊಡ್ಡ ಮೂಲ ಎಲ್ಲಿದೆ ಎಂಬುದರಲ್ಲಿ ಗೊಂದಲವೇ ಇಲ್ಲ.

ಜೋಡಿಸುವಾಗ ಮೂರು ಕಡೆ ಹೊಲಿಗೆ ಬಿಚ್ಚುತ್ತದೆ. ಐಎಲ್‌ಒ ಅಂದಾಜಿನ ಕೋಷ್ಟಕಗಳಲ್ಲಿ ಕೊನೆಯ ಗುಂಪು ‘65 ಮತ್ತು ಮೇಲೆ’. ಜಪಾನಿನಲ್ಲಿ ಈ ಗುಂಪಿನ ನಾಲ್ವರಲ್ಲಿ ಒಬ್ಬರು ಕೆಲಸದಲ್ಲಿದ್ದಾರೆ. ಒಡೆದು ನೋಡಿದರೆ 65ರಿಂದ 69ರಲ್ಲಿ ಅರ್ಧಕ್ಕಿಂತ ಹೆಚ್ಚು, 70ರಿಂದ 74ರಲ್ಲಿ ಮೂವರಲ್ಲಿ ಒಬ್ಬರು, 75 ದಾಟಿದವರಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು. ಮುಂದೆ ಈ ಗುಂಪಿನೊಳಗೇ 80 ದಾಟಿದವರ ಪಾಲು ಏರುತ್ತದೆ. ಇಂದಿನ ‘ನಾಲ್ವರಲ್ಲಿ ಒಬ್ಬರು’ ಎಂಬುದನ್ನು 2050ಕ್ಕೂ ಅಂಟಿಸಿದರೆ ದುಡಿಯುವ ಹಿರಿಯರ ಸಂಖ್ಯೆ ಉಬ್ಬುತ್ತದೆ. ಇಲ್ಲಿ ಆಯಾ ದೇಶದ ಕಾರ್ಮಿಕ ಸಮೀಕ್ಷೆಯಿಂದ ಒಡೆದ ಪ್ರಮಾಣ ತರಲೇಬೇಕು.

ಎರಡನೆಯದು ಉದ್ಯೋಗದ ವ್ಯಾಖ್ಯೆ. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆ ಸಂಬಳಕ್ಕೋ ಲಾಭಕ್ಕೋ ದುಡಿದವರೂ ‘ಉದ್ಯೋಗಸ್ಥರು’. ವಾರಕ್ಕೆ 40 ಗಂಟೆ ದುಡಿಯುತ್ತಿದ್ದವರು ನಿವೃತ್ತರಾಗಿ, 20 ಗಂಟೆಯವರು ಬಂದರೆ ತಲೆಗೆ ತಲೆ ಸರಿಹೋಗುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಕೊನೆಗೊಮ್ಮೆ ಸರಾಸರಿ ಗಂಟೆಗಳಿಂದ ಗುಣಿಸದ ಲೆಕ್ಕವನ್ನು ಪೂರ್ತಿ ಎನ್ನುವಂತಿಲ್ಲ. ಮೂರನೆಯದು ಹಳೆಯ ಅಂಕಿಗಳ ಹೋಲಿಕೆ. 2013ರಲ್ಲಿ ಕಾರ್ಮಿಕ ಅಂಕಿಅಂಶ ತಜ್ಞರ 19ನೇ ಅಂತರರಾಷ್ಟ್ರೀಯ ಸಮ್ಮೇಳನ ಮನೆಬಳಕೆಗಾಗಿಯೇ ಬೆಳೆಯುವ, ಉತ್ಪಾದಿಸುವ ದುಡಿಮೆಯನ್ನು ‘ಉದ್ಯೋಗ’ದಿಂದ ಹೊರಗಿಟ್ಟಿತು. ಹೊಸ ವ್ಯಾಖ್ಯೆಗೆ ದಾಟಿದ ದೇಶಗಳಲ್ಲಿ ಹೊಲದಲ್ಲಿ ಮೊದಲಿನಷ್ಟೇ ದುಡಿಯುವ ಹೆಂಗಸರು ಕೋಷ್ಟಕದಿಂದ ಮಾಯವಾಗಿರಬಹುದು. ಪ್ರಮಾಣ ದಿಢೀರನೆ ಕುಸಿದ ವರ್ಷ ಕಂಡರೆ ಮೊದಲು ಅಡಿಟಿಪ್ಪಣಿ ಓದಬೇಕು.

ವಿಶ್ವಸಂಸ್ಥೆಯ ತಾಣಕ್ಕೇ ಮರಳಿದರೆ, ನಮ್ಮ ದೊಡ್ಡ ಅಸಮಾಧಾನ ವಲಸೆಯ ವಿಭಾಗದ ಬಗ್ಗೆ. ಸಿಗುವುದು ನಿವ್ವಳ ಸಂಖ್ಯೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದದ್ದು. ಒಂದು ಲಕ್ಷ ತರುಣ ದಾದಿಯರು ಹೊರಟುಹೋಗಿ ಒಂದು ಲಕ್ಷ ನಿವೃತ್ತರು ಮರಳಿದರೆ ಅಲ್ಲಿ ಸೊನ್ನೆ ಕಾಣುತ್ತದೆ. ಆಸ್ಪತ್ರೆಗಳಿಗೆ ಅದು ಸೊನ್ನೆಯಲ್ಲ. ದೇಶದೊಳಗಿನ ಅಂಕಿಗಳೂ ಇಲ್ಲ. ರಾಜ್ಯ, ಜಿಲ್ಲೆ, ನಗರಗಳ ಮಟ್ಟದಲ್ಲಿ ಉದ್ಯೋಗ ಮಾರುಕಟ್ಟೆ ನಡೆಯುವಾಗ, ಒಂದೇ ದೇಶದಲ್ಲಿ ಒಂದು ಕಡೆ ಶಾಲೆ ಮುಚ್ಚುತ್ತಾ ಇನ್ನೊಂದು ಕಡೆ ತರಗತಿ ತುಂಬಿ ತುಳುಕುವಾಗ, ಇಡೀ ದೇಶದ ಸರಾಸರಿಯಿಂದ ನೇಮಕಾತಿ ಯೋಜನೆ ಮಾಡಲಾಗದು.

ಸಿದ್ಧ ಅವಲಂಬನೆ ಅನುಪಾತಗಳ (ದುಡಿಯುವ ವಯಸ್ಸಿನ ನೂರು ಜನಕ್ಕೆ ಎಷ್ಟು ಮಕ್ಕಳು, ವೃದ್ಧರು ಎಂಬ ಲೆಕ್ಕ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇರೆಬೇರೆ ವಯಸ್ಸಿನ ಗಡಿಗಳಲ್ಲಿ ಕೊಟ್ಟಿದ್ದಾರೆ, ಅದು ಒಳ್ಳೆಯದು. ಆದರೆ ನೀತಿ ಗಡಿಯನ್ನೇ ಸರಿಸುತ್ತದೆ. ಚೀನಾ 2025ರ ಜನವರಿಯಿಂದ ಹದಿನೈದು ವರ್ಷಗಳಲ್ಲಿ ಗಂಡಸರ ನಿವೃತ್ತಿ ವಯಸ್ಸನ್ನು 60ರಿಂದ 63ಕ್ಕೂ, ಹೆಂಗಸರದನ್ನು ಕೆಲಸಕ್ಕೆ ತಕ್ಕಂತೆ 50ರಿಂದ 55ಕ್ಕೂ 55ರಿಂದ 58ಕ್ಕೂ ಏರಿಸುತ್ತಿದೆ. 64ರಲ್ಲಿ ಗೆರೆ ಎಳೆದ ಅನುಪಾತಕ್ಕೆ ಇದರ ಸುಳಿವೇ ಹತ್ತುವುದಿಲ್ಲ.

ಎಷ್ಟು ದೂರದವರೆಗೆ ನಂಬಬಹುದು? 2100ರ ಚೀನಾದ ಜನಸಂಖ್ಯೆ 2019ರ ಆವೃತ್ತಿಯಲ್ಲಿ ಸುಮಾರು 106 ಕೋಟಿ ಇತ್ತು. 2022ರಲ್ಲಿ ಅದು 77 ಕೋಟಿಯಾಯಿತು, 2024ರಲ್ಲಿ 63 ಕೋಟಿ. ಐದು ವರ್ಷದಲ್ಲಿ ನಲವತ್ತು ಕೋಟಿಗೂ ಹೆಚ್ಚು ಜನ ಕಾಗದದ ಮೇಲೆ ಇಲ್ಲವಾದರು. ಹಿಂದಿನ ಆವೃತ್ತಿಗಳಲ್ಲಿ ಜನನ ಪ್ರಮಾಣ ಊಹಿಸಿದ್ದಕ್ಕಿಂತ ಬೇಗ ಇಳಿದದ್ದು ಇದರ ಮುಖ್ಯ ಕಾರಣ. ಇದನ್ನು ದೋಷವೆಂದು ಹೀಗಳೆಯುವುದಿಲ್ಲ. ನಿಜವಾದ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಬೀಳಬಹುದು ಎಂಬ ಸಂಭಾವ್ಯತೆಯ ವ್ಯಾಪ್ತಿಗಳನ್ನು, ನೂರಕ್ಕೆ 80 ಮತ್ತು 95ರ ಎರಡು ಅಗಲಗಳಲ್ಲಿ, ತಾಣವೇ ಪ್ರಕಟಿಸುತ್ತದೆ. ಅವನ್ನು ಬಿಟ್ಟು ನಡುಗೆರೆಯನ್ನಷ್ಟೇ ಉಲ್ಲೇಖಿಸುವುದು ಬಳಸುವವರ ತಪ್ಪು. ಉದ್ಯೋಗದ ಲೆಕ್ಕಕ್ಕೆ 2045ರಾಚೆ ಹೋಗಬೇಡಿ ಎಂಬುದು ನಮ್ಮ ಸಲಹೆ.

ಹತ್ತಿರದ ವರ್ಷಗಳ ಅಂಕಿಯೂ ಎಲ್ಲ ದೇಶಕ್ಕೂ ಸಮನಾಗಿ ಗಟ್ಟಿಯಿಲ್ಲ. 2024ರ ಆವೃತ್ತಿಯ ಹಿಂದೆ 1,910 ಜನಗಣತಿಗಳೂ 3,189 ಮಾದರಿ ಸಮೀಕ್ಷೆಗಳೂ ಇವೆ. ಜನನ ಮರಣ ನೋಂದಣಿ ಪೂರ್ತಿಯಿರುವ ದೇಶದ ಸಾಲು ಎಣಿಕೆಗೆ ಹತ್ತಿರ. ಭಾರತದಂತೆ 2011ರ ಬಳಿಕ ಜನಗಣತಿಯ ಅಂಕಿಯೇ ಬಂದಿರದ ದೇಶದ ಸಾಲು ಹಳೆಯ ಎಣಿಕೆಯಿಂದ ಸಮೀಕ್ಷೆಗಳ ಆಸರೆಯಲ್ಲಿ ಮುಂದೆ ನಡೆಸಿಕೊಂಡು ಬಂದದ್ದು. ಕೋಷ್ಟಕದಲ್ಲಿ ಎರಡೂ ಒಂದೇ ಅಚ್ಚಿನಲ್ಲಿ ಕಾಣುತ್ತವೆ. ಪ್ರತಿ ದೇಶಕ್ಕೂ ಬಳಸಿದ ಮೂಲಗಳ ಪಟ್ಟಿ ತಾಣದಲ್ಲಿದೆ. ಅಂಕಿ ಎತ್ತಿಕೊಳ್ಳುವ ಮುಂಚೆ ಅದನ್ನು ತೆರೆಯಲು ಐದು ನಿಮಿಷ ಸಾಕು.

ಶಿಕ್ಷಣ ಇಲಾಖೆಯವರು, ಪಿಂಚಣಿ ಲೆಕ್ಕಿಗರು, ಹತ್ತು ವರ್ಷ ಮುಂದಿನ ನೇಮಕಾತಿ ಯೋಚಿಸುವ ದೊಡ್ಡ ಸಂಸ್ಥೆಗಳು, ಪತ್ರಕರ್ತರು, ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಬಳಸಲೇಬೇಕು. ಒಂದು ಊರಿನ ಕಾರ್ಖಾನೆಗೆ ಮುಂದಿನ ವರ್ಷ ಎಷ್ಟು ವೆಲ್ಡರ್‌ಗಳು ಸಿಗುತ್ತಾರೆಂದು ತಿಳಿಯಬೇಕಾದವರಿಗೆ ಇಲ್ಲಿ ಏನೂ ಸಿಗದು. ಬಳಸುವವರು ಫೈಲಿನ ಹೆಸರಿನಲ್ಲಿರುವ ಆವೃತ್ತಿಯ ವರ್ಷವನ್ನು ಅಳಿಸದೆ ಹಾಗೇ ಉಳಿಸಿಕೊಳ್ಳಿ, ಮೂಲ ಪ್ರತಿಯನ್ನೂ ತೆಗೆದಿಡಿ. ಹೊಸ ಆವೃತ್ತಿ ಬಂದಾಗ ಮುಂದಿನ ವರ್ಷಗಳು ಮಾತ್ರವಲ್ಲ, 1950ರಿಂದ ಈಚಿನ ಹಳೆಯ ಸಾಲುಗಳೂ ತಿದ್ದುಪಡಿಯಾಗುತ್ತವೆ. ಎರಡು ಆವೃತ್ತಿಯ ಸಾಲುಗಳನ್ನು ಒಂದೇ ಗ್ರಾಫಿನಲ್ಲಿ ಜೋಡಿಸಿದರೆ, ಎಲ್ಲೂ ನಡೆಯದ ವಲಸೆಯೊಂದು ಜೋಡಣೆಯ ಆ ವರ್ಷದಲ್ಲಿ ಎದ್ದು ಕಾಣುತ್ತದೆ.